ಊಟಿಯಲ್ಲಿ ಮೂರು ರಾತ್ರಿ: ಪಾಸ್ ಮಾಡಿಸುವುದರಿಂದ ಘಾಟಿ ಇಳಿಯುವವರೆಗೆ

ನಮ್ಮ ಕಡೆ ಊಟಿಗೆ ಹೋಗದವರು ಕಡಿಮೆ. ಅಲ್ಲಿ ಎರಡು ದಿನ ನೆಟ್ಟಗೆ ಇದ್ದು ಬಂದವರೂ ಕಡಿಮೆಯೇ. ಬೆಳಗಿನ ಜಾವ ಮೈಸೂರು ಬಿಡುವುದು, ಗಾರ್ಡನ್ ನೋಡುವುದು, ಬೋಟಿಂಗ್ ಮಾಡುವುದು, ದೊಡ್ಡಬೆಟ್ಟ ಹತ್ತುವುದು, ಚಾಕೊಲೇಟ್ ಕಟ್ಟಿಸಿಕೊಂಡು ವಾಪಸ್. ಮನೆ ಸೇರಿದ ಮೇಲೆ ನೆನಪಿರುವುದು ಪಾರ್ಕಿಂಗ್‌ಗೆ ಅಲೆದದ್ದು ಮಾತ್ರ. ನಾನೂ ಮೂರು ಸಲ ಹೀಗೇ ಹೋಗಿ ಬಂದೆ. ನಾಲ್ಕನೇ ಸಲ ಮಳೆಗೆ ಸಿಕ್ಕಿ ಎರಡು ದಿನ ಜಾಸ್ತಿ ಉಳಿಯಬೇಕಾಯಿತು. ಊಟಿ ಕಂಡದ್ದು ಆವಾಗ.

ಯೋಚಿಸಿ ನೋಡಿದರೆ ಈ ಊರು ಹುಟ್ಟಿದ್ದೇ ಸುಮ್ನೆ ಇರುವುದಕ್ಕೆ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ಕೋಟಗಿರಿ ಕಡೆಯಿಂದ ಬೆಟ್ಟ ಹತ್ತಿದ. 1822ರಲ್ಲಿ ಊಟಿಯಲ್ಲಿ ಕಲ್ಲಿನ ಮನೆ ಕಟ್ಟಿಸಲು ಶುರು ಮಾಡಿದ. ಆಮೇಲೆ ತೊರೆಗೆ ಅಡ್ಡ ಕಟ್ಟಿಸಿ ಕೆರೆ ಮಾಡಿಸಿದ. ಮುಂದೆ ಮದ್ರಾಸ್ ಸರ್ಕಾರವೇ ಪ್ರತಿ ಬೇಸಿಗೆ ಫೈಲು, ಗುಮಾಸ್ತರು, ಅಡುಗೆಯವರ ಸಮೇತ ಇಲ್ಲಿಗೆ ಬಂದು ತಿಂಗಳುಗಟ್ಟಲೆ ಕೂರುತ್ತಿತ್ತು. ತಿಂಗಳುಗಟ್ಟಲೆ ಕೂರಲೆಂದು ಕಟ್ಟಿದ ಊರನ್ನು ನಾವು ಆರು ಗಂಟೆಯಲ್ಲಿ ಮುಗಿಸಲು ಹೋಗುತ್ತೇವೆ. ಕನಿಷ್ಠ ಮೂರು ರಾತ್ರಿ ಕೊಡಿ.

ಯಾವಾಗ ಹೋಗುವುದು

ಏಪ್ರಿಲ್, ಮೇ ಬೇಡ. ಹೂವಿನ ಪ್ರದರ್ಶನ ನೋಡಲೇಬೇಕು ಅನ್ನುವವರು ಮೇ ತಿಂಗಳಲ್ಲಿ ಹೋಗಿ, ಆದರೆ ಜನಜಂಗುಳಿಗೆ ಸಿದ್ಧರಾಗಿ ಹೋಗಿ. ಮಕ್ಕಳ ರಜೆ ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನುವವರು ಸೋಮವಾರ ಹತ್ತಿ ಗುರುವಾರ ಇಳಿಯಿರಿ. ಶನಿವಾರದ ಊಟಿಗೂ ಮಂಗಳವಾರದ ಊಟಿಗೂ ಅಜಗಜಾಂತರ.

ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರು. ಮಂಜು, ಜಡಿ ಮಳೆ, ಒಣಗದ ಬಟ್ಟೆ. ಮಳೆ ಜೋರಾದರೆ ತಮಾಷೆಯಲ್ಲ. 2019ರ ಆಗಸ್ಟ್‌ನಲ್ಲಿ ಊಟಿ ಹತ್ತಿರದ ಅವಲಾಂಚೆಯಲ್ಲಿ ಒಂದೇ ದಿನಕ್ಕೆ 80 ಸೆಂ.ಮೀ.ಗಿಂತ ಜಾಸ್ತಿ ಮಳೆ ಬಿದ್ದಿತ್ತು. ಅಕ್ಟೋಬರ್ ಕೊನೆ ಮತ್ತು ನವೆಂಬರ್‌ನಲ್ಲಿ ಹಿಂಗಾರು. ಆಗ ಮೆಟ್ಟುಪಾಳ್ಯಂ ಕಡೆಯ ಇಳಿಜಾರಿನಲ್ಲಿ ಗುಡ್ಡ ಜರಿದು ರೈಲು ನಿಲ್ಲುವುದು ಮಾಮೂಲು.

ನನ್ನನ್ನು ಕೇಳಿದರೆ ಎರಡು ಹೊತ್ತು ಒಳ್ಳೆಯದು. ಒಂದು, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರ. ಬೆಟ್ಟವೆಲ್ಲ ಹಸಿರಾಗಿರುತ್ತದೆ, ಜನ ಕಡಿಮೆ. ಇನ್ನೊಂದು, ಡಿಸೆಂಬರ್ ಕೊನೆಯ ರಜೆಯ ಗದ್ದಲ ಮುಗಿದ ಮೇಲಿನ ಜನವರಿ. ಚಳಿ ತಡೆಯುವವರಿಗೆ ಮಾತ್ರ ಇದು. ಕೆಲವು ರಾತ್ರಿ ಸೊನ್ನೆ ಡಿಗ್ರಿ ಮುಟ್ಟುತ್ತದೆ. ಬೆಳಿಗ್ಗೆ ಆರೂವರೆಗೆ ತಲೈಕುಂದಾ ಕಡೆ ಹೋದರೆ ಹುಲ್ಲುಗಾವಲಿನ ಮೇಲೆ ರವೆ ಚೆಲ್ಲಿದ ಹಾಗೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಬಿಸಿಲು ಬಿದ್ದು ಸ್ವಲ್ಪ ಹೊತ್ತಿಗೆ ಎಲ್ಲ ಮಾಯ.

ಹೊರಡುವ ಮೊದಲು

ಸ್ವಂತ ಗಾಡಿ, ಬಾಡಿಗೆ ಗಾಡಿ, ಬೈಕ್ ಯಾವುದೇ ಇರಲಿ, ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಊಟಿಗೂ ಕೊಡೈಕೆನಾಲ್‌ಗೂ ಇದು ಬಂದಿದೆ. ತಮಿಳುನಾಡು ಸರ್ಕಾರದ ವೆಬ್‌ಸೈಟಿನಲ್ಲಿ ಗಾಡಿ ನಂಬರ್, ಹೋಗುವ ಬರುವ ತಾರೀಖು, ಎಷ್ಟು ಜನ, ಎಲ್ಲಿ ತಂಗುತ್ತೀರಿ ಎಂದು ತುಂಬಿದರೆ ಸಾಕು. ದುಡ್ಡೇನೂ ಇಲ್ಲ. ದುಡ್ಡು ತೆಗೆದುಕೊಂಡು ಮಾಡಿಸಿಕೊಡುತ್ತೇವೆ ಅನ್ನುವವರನ್ನು ದೂರ ಇಡಿ. 2025ರ ಬೇಸಿಗೆಯಿಂದ ಸೀಸನ್‌ನಲ್ಲಿ ವಾರದ ದಿನ 6,000, ವಾರಾಂತ್ಯದಲ್ಲಿ 8,000 ಗಾಡಿ ಎಂಬ ಮಿತಿಯೂ ಬಂತು. ಅದಕ್ಕೇ ರೂಮ್ ಬುಕ್ ಮಾಡುವ ಮೊದಲು ಪಾಸ್ ಸಿಗುತ್ತದಾ ನೋಡಿ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ತಲೆನೋವಿಲ್ಲ. ಪಾಸಿನ ಸ್ಕ್ರೀನ್‌ಶಾಟ್ ಫೋನಿನಲ್ಲಿಟ್ಟುಕೊಳ್ಳಿ, ಕಾಡಿನ ನಡುವಿನ ಚೆಕ್‌ಪೋಸ್ಟಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಹಳದಿ ಬೋರ್ಡ್ ಗಾಡಿಯಾದರೆ ತಮಿಳುನಾಡು ಪರ್ಮಿಟ್ ಯಾರು ಕಟ್ಟುತ್ತಾರೆ ಎಂದು ಹೊರಡುವ ಮೊದಲೇ ಚಾಲಕರ ಜೊತೆ ಮಾತಾಡಿಕೊಳ್ಳಿ.

ಎರಡನೆಯದು ಪ್ಲಾಸ್ಟಿಕ್. ನೀಲಗಿರಿ ಜಿಲ್ಲೆಯಲ್ಲಿ ಒಂದು ಲೀಟರ್, ಎರಡು ಲೀಟರಿನ ನೀರಿನ ಬಾಟಲಿಗೂ ನಿಷೇಧ ಇದೆ. ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿ ನೋಡುತ್ತಾರೆ, ದಂಡವೂ ಬೀಳುತ್ತದೆ. ಮನೆಯಿಂದ ಸ್ಟೀಲ್ ಬಾಟಲಿ ಒಯ್ಯಿರಿ. ದಾರಿಯುದ್ದಕ್ಕೂ ನೀರಿನ ಎಟಿಎಂ ಸಿಗುತ್ತವೆ.

ಬಟ್ಟೆ ವಿಷಯಕ್ಕೆ ಬಂದರೆ ಒಂದು ದಪ್ಪ ಜಾಕೆಟ್‌ಗಿಂತ ಎರಡು ತೆಳು ಸ್ವೆಟರ್ ವಾಸಿ. ಮಧ್ಯಾಹ್ನ ಬಿಸಿಲಿಗೆ ಒಂದನ್ನು ಬಿಚ್ಚಬಹುದು. ಹಾಂ, ಬಿಸಿಲು. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಗಾಳಿ ತಣ್ಣಗಿರುವುದರಿಂದ ಬಿಸಿಲು ಸುಡುತ್ತಿರುವುದು ಗೊತ್ತಾಗುವುದಿಲ್ಲ, ರಾತ್ರಿ ಮೂಗು ಸಿಪ್ಪೆ ಏಳುವಾಗ ಗೊತ್ತಾಗುತ್ತದೆ. ಅದೇ ಎತ್ತರದಿಂದಾಗಿ ನೀರು 92–93 ಡಿಗ್ರಿಗೇ ಕುದಿಯುತ್ತದೆ. ರೂಮಿನಲ್ಲಿ ಮಾಡಿಕೊಂಡ ಟೀ ಪೇಲವ ಅನ್ನಿಸಿದರೆ ಪುಡಿಯನ್ನು ಬೈಯಬೇಡಿ, ಇನ್ನೊಂದು ನಿಮಿಷ ಜಾಸ್ತಿ ಬಿಡಿ.

ದಾರಿ ಮತ್ತು ಘಾಟಿ

ಮೈಸೂರಿನಿಂದ ಊಟಿಗೆ ಸುಮಾರು 125 ಕಿ.ಮೀ. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿ ತೆಪ್ಪಕಾಡು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಿಂದ ಹೀಗೇ ಇದೆ, ಯಾರ ವಶೀಲಿಯೂ ನಡೆಯುವುದಿಲ್ಲ. ಬೆಂಗಳೂರಿನವರು ನಡುರಾತ್ರಿ ಹೊರಟು ಗೇಟಿನ ಮುಂದೆ ಗಾಡಿಯೊಳಗೆ ತೂಕಡಿಸುವುದಕ್ಕಿಂತ ಹಿಂದಿನ ದಿನ ಮೈಸೂರಿಗೆ ಬಂದು ಮಲಗುವುದು ಮೇಲು. ಕಾಡಿನೊಳಗೆ ಗಾಡಿ ನಿಲ್ಲಿಸಬೇಡಿ. ಆನೆ ಕಂಡರೂ ಅಷ್ಟೇ, ಜಿಂಕೆ ಕಂಡರೂ ಅಷ್ಟೇ. ಕೋತಿಗೆ ಬಿಸ್ಕತ್ತು ಹಾಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಮಾಸಿನಗುಡಿ, ಕಲ್ಲಹಟ್ಟಿ ಘಾಟಿ. ದೂರ ಕಡಿಮೆ, ಆದರೆ ಗೋಡೆ ಹತ್ತಿದ ಹಾಗೆ. 36 ಹೇರ್‌ಪಿನ್ ತಿರುವುಗಳಿವೆ, ಪ್ರತಿ ತಿರುವಿಗೂ ನಂಬರ್ ಹಾಕಿದ ಬೋರ್ಡ್. ಇನ್ನೊಂದು ಗೂಡಲೂರು, ನಡುವಟ್ಟಂ, ಪೈಕಾರಾ ಮೇಲಿನ ದಾರಿ. 30 ಕಿ.ಮೀ.ಗೂ ಜಾಸ್ತಿ ಸುತ್ತು, ಆದರೆ ಅಗಲ, ಸಲೀಸು. ಎರಡೂ ತಲೈಕುಂದಾದಲ್ಲಿ ಸೇರುತ್ತವೆ. ಸಾಕಷ್ಟು ಅಪಘಾತಗಳಾದ ಮೇಲೆ ಹೊರಗಿನ ಗಾಡಿಗಳು ಕಲ್ಲಹಟ್ಟಿಯಲ್ಲಿ ಇಳಿಯುವುದನ್ನು ಪೊಲೀಸರು ನಿಲ್ಲಿಸಿದ್ದಾರೆ. ಹೊಸದಾಗಿ ಡ್ರೈವಿಂಗ್ ಕಲಿತವರು ಹತ್ತಲಿಕ್ಕೂ ಗೂಡಲೂರು ದಾರಿಯನ್ನೇ ಹಿಡಿಯಿರಿ.

ಘಾಟಿ ಇಳಿಯುವ ಪಾಠವನ್ನು ನಾನು ಕಲಿತದ್ದು ನಮ್ಮ ಚಿಕ್ಕಪ್ಪನ ಹಳೆಯ ಕಾರಿನಲ್ಲಿ. ಪೆಟ್ರೋಲ್ ಉಳಿಯುತ್ತದೆ ಎಂದು ಅವರು ನಡುವಟ್ಟಂ ಆದ ಮೇಲೆ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಸಿದರು. ಹತ್ತು ನಿಮಿಷಕ್ಕೆ ಸುಟ್ಟ ರಬ್ಬರಿನಂಥ ವಾಸನೆ. "ಹೊರಗಿನಿಂದ ಬರ್ತಿದೆ ಕಣೋ" ಅಂದರು. ಇನ್ನೆರಡು ತಿರುವಿಗೆ ಬ್ರೇಕ್ ಪೆಡಲ್ ಬೆಣ್ಣೆ ತುಳಿದ ಹಾಗೆ ಒಳಗೆ ಹೋಯಿತು. ಪುಣ್ಯಕ್ಕೆ ಪಕ್ಕದಲ್ಲಿ ಟೀ ಅಂಗಡಿಯ ಮುಂದೆ ಏರು ಜಾಗ ಇತ್ತು, ಅಲ್ಲಿಗೆ ಹತ್ತಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತು. ಚಿಕ್ಕಮ್ಮ ನೀರು ಎರಚಲು ಹೋದರು. ಟೀ ಅಂಗಡಿಯಾತ ಕೈ ಅಡ್ಡ ಹಿಡಿದು ತಡೆದ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗುತ್ತದೆ, ಸುಮ್ನೆ ಆರಲು ಬಿಡಬೇಕು. ಮುಕ್ಕಾಲು ಗಂಟೆ ಕೂತು ಎರಡೆರಡು ಟೀ ಕುಡಿದೆವು. ಚಿಕ್ಕಪ್ಪ ಮಾತೇ ಆಡಲಿಲ್ಲ.

ಹಾಗಾಗಿ ಲೆಕ್ಕ ಇಷ್ಟು: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಬಹುತೇಕ ಎರಡನೇ ಗೇರು, ಕಡಿದಾದ ಕಡೆ ಒಂದನೆಯದು. ಗಾಡಿಯನ್ನು ಎಂಜಿನ್ನೇ ಹಿಡಿಯಲಿ, ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ. ಆಟೊಮ್ಯಾಟಿಕ್ ಗಾಡಿಯಲ್ಲೂ ಎಲ್ ಅಥವಾ ಮ್ಯಾನುಯಲ್ ಮೋಡ್ ಇರುತ್ತದೆ, ಬಳಸಿ. ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು. ತಿರುವಿಗೆ ಮುಂಚೆ ಹಾರ್ನ್ ಮಾಡಿ, ತಿರುವಿನಲ್ಲಿ ಓವರ್‌ಟೇಕ್ ಬೇಡವೇ ಬೇಡ. ವಾಂತಿ ಬರುವವರು ಗುಂಡ್ಲುಪೇಟೆಯಲ್ಲಿ ಎರಡು ಇಡ್ಲಿಗೆ ಮುಗಿಸಿ ಮುಂದಿನ ಸೀಟಿನಲ್ಲಿ ಕೂರಲಿ. ಫೋನ್ ನೋಡುವುದನ್ನು ನಿಲ್ಲಿಸಿದರೆ ಅರ್ಧ ವಾಂತಿ ಅಲ್ಲೇ ನಿಲ್ಲುತ್ತದೆ.

ತಂಗುವುದು

ಚಾರಿಂಗ್ ಕ್ರಾಸ್ ಸುತ್ತಮುತ್ತ ಇದ್ದರೆ ಎಲ್ಲಕ್ಕೂ ನಡೆದೇ ಹೋಗಬಹುದು, ಗಲಾಟೆ ಜಾಸ್ತಿ. ಫರ್ನ್‌ಹಿಲ್, ಲವ್‌ಡೇಲ್ ಕಡೆ ನಿಶ್ಶಬ್ದ, ಆದರೆ ಪ್ರತಿಯೊಂದಕ್ಕೂ ಆಟೋ ಬೇಕು. ನಮ್ಮ ಪ್ರವಾಸೋದ್ಯಮ ನಿಗಮದ ಮಯೂರ ಸುದರ್ಶನ ಇರುವುದೂ ಫರ್ನ್‌ಹಿಲ್‌ನಲ್ಲೇ. ಬುಕ್ ಮಾಡುವಾಗ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ? ರೂಮ್ ಹೀಟರ್‌ಗೆ ಬೇರೆ ದುಡ್ಡಾ? ಗಾಡಿ ಒಳಗೆ ನಿಲ್ಲಿಸಬಹುದಾ? ಫೋಟೋ ನಂಬಬೇಡಿ. ಒಂದು ಕಡೆ "ಲೇಕ್ ವ್ಯೂ" ಎಂದು ದುಡ್ಡು ಜಾಸ್ತಿ ಕೊಟ್ಟೆ. ಕಿಟಕಿ ತೆಗೆದರೆ ಎದುರಿಗೆ ಕರಿ ಸಿಂಟೆಕ್ಸ್ ಟ್ಯಾಂಕ್. ಅದರ ಪಕ್ಕದ ಸಂದಿಯಲ್ಲಿ, ಸ್ಟೂಲ್ ಹತ್ತಿದರೆ, ಒಂದು ಅಂಗೈ ಅಗಲ ಕೆರೆ ಕಾಣುತ್ತಿತ್ತು. ರೂಮಿನಲ್ಲಿ ಇದ್ದಿಲು ಹಾಕಿ ಬೆಂಕಿ ಕಾಯಿಸಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಜೀವ ತೆಗೆಯುತ್ತದೆ.

ಮೊದಲ ಪೂರ್ತಿ ದಿನ: ಊರೊಳಗೆ, ಕಾಲ್ನಡಿಗೆಯಲ್ಲಿ

ಗಾಡಿಯ ಕೀಲಿಯನ್ನು ರೂಮಿನಲ್ಲೇ ಬಿಡಿ. ಬೆಳಿಗ್ಗೆ ಗೇಟು ತೆಗೆದ ಕೂಡಲೇ ಸಸ್ಯೋದ್ಯಾನಕ್ಕೆ ಹೋಗಿ. 1848ರಲ್ಲಿ ಶುರುವಾದ ತೋಟ ಇದು, ರೂಪ ಕೊಟ್ಟವರು ವಿಲಿಯಂ ಗ್ರಹಾಂ ಮ್ಯಾಕ್‌ಐವರ್. ಎಲ್ಲರೂ ಕೆಳಗಿನ ಹುಲ್ಲುಹಾಸಿನಲ್ಲಿ ಫೋಟೋ ತೆಗೆಸಿಕೊಂಡು ತಿರುಗುತ್ತಾರೆ. ನೀವು ಮೇಲೆ ಹತ್ತಿ. ಹತ್ತಿದಷ್ಟೂ ಜನ ಕಡಿಮೆ, ಮರ ದೊಡ್ಡದು. 2 ಕೋಟಿ ವರ್ಷ ಹಳೆಯದು ಎನ್ನುವ ಕಲ್ಲಾದ ಮರದ ಕಾಂಡವನ್ನೂ ಇಲ್ಲೇ ಇಟ್ಟಿದ್ದಾರೆ. ತೋಟದ ಮೇಲ್ಗಡೆ ಈ ಬೆಟ್ಟದ ಮೂಲನಿವಾಸಿಗಳಾದ ತೋಡರ ಒಂದು ಮಂದು, ಅಂದರೆ ಅವರ ಹಾಡಿ. ಅರ್ಧ ಪೀಪಾಯಿ ಕವುಚಿದ ಹಾಗಿರುವ ಅವರ ಗುಡಿಗೆ ಒಬ್ಬರು ತೆವಳಿ ಹೋಗುವಷ್ಟೇ ಬಾಗಿಲು. ಹೊರಗಿನವರು ಒಳಗೆ ಹೋಗುವಂತಿಲ್ಲ, ಹತ್ತಿರ ಹೋಗಿ ಇಣುಕಲೂಬೇಡಿ. ಜನರ ಫೋಟೋ ತೆಗೆಯುವ ಮುಂಚೆ ಕೇಳಿ. ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ಉಲ್ಲನ್ನಿನಲ್ಲಿ ಹೆಣ್ಣುಮಕ್ಕಳು ಹಾಕುವ ಕಸೂತಿಗೆ 2013ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಕೈಗೆ ಸಿಕ್ಕರೆ ತಿರುವಿ ನೋಡಿ. ಹಿಂದೂ ಮುಂದೂ ಒಂದೇ ಅಚ್ಚುಕಟ್ಟು ಇದ್ದರೆ ಕೈಕೆಲಸ.

ಮಧ್ಯಾಹ್ನ ಸೇಂಟ್ ಸ್ಟೀಫನ್ಸ್ ಚರ್ಚ್. 1829ರಲ್ಲಿ ಕಲ್ಲು ಹಾಕಿ, ಮರುವರ್ಷ ಕಟ್ಟಿ ಮುಗಿಸಿದ್ದು. ಒಳಗೆ ಹೋದರೆ ತಲೆ ಎತ್ತಿ ತೊಲೆಗಳನ್ನು ನೋಡಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆ ಕೆಡವಿ ತಂದ ಮರ ಅದು. ನಮ್ಮ ಕಾವೇರಿ ದಡದ ತೊಲೆಗಳು ಇಲ್ಲಿ ಚರ್ಚಿನ ಸೂರು ಹೊತ್ತಿವೆ. ಹಿಂದಿನ ಸ್ಮಶಾನದಲ್ಲಿ ಸಲಿವನ್‌ನ ಹೆಂಡತಿ ಹೆನ್ರಿಯೆಟ್ಟಾ ಮತ್ತು ಮಗಳ ಸಮಾಧಿ ಇದೆ. ಸಲಿವನ್ ಕಟ್ಟಿಸಿದ ಕಲ್ಲಿನ ಮನೆ ಈಗ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ, ಅಲ್ಲಿಗೂ ನಡೆದು ಹೋಗಬಹುದು.

ಸಂಜೆ ಕೆರೆ. ಬೋಟಿಂಗ್ ಕ್ಯೂ ಉದ್ದ ಇದ್ದರೆ ಬಿಟ್ಟುಬಿಡಿ, ನಷ್ಟವೇನೂ ಇಲ್ಲ. ಮೊದಲು ಈ ಕೆರೆ ಎಷ್ಟು ದೊಡ್ಡದಿತ್ತೆಂದರೆ, ಈಗ ಬಸ್ ಸ್ಟ್ಯಾಂಡ್ ಇರುವ ಜಾಗವೂ ರೇಸ್‌ಕೋರ್ಸ್ ಇದ್ದ ಜಾಗವೂ ನೀರಿನಡಿ ಇತ್ತು.

ಎರಡನೇ ದಿನ: ರೈಲು ಮತ್ತು ಕೂನೂರು

ನೀಲಗಿರಿ ರೈಲು ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿ.ಮೀ. ಹತ್ತುತ್ತದೆ. 1899ರಲ್ಲಿ ಕೂನೂರುವರೆಗೆ, 1908ರಲ್ಲಿ ಊಟಿವರೆಗೆ ಬಂತು. 2005ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಬೆಳಿಗ್ಗೆ 7ರ ಸುಮಾರಿಗೆ ಮೆಟ್ಟುಪಾಳ್ಯಂ ಬಿಟ್ಟರೆ ಊಟಿಗೆ ಬರುವಾಗ ಮಧ್ಯಾಹ್ನ 12. ಪೂರ್ತಿ ಪ್ರಯಾಣ ಬೇಕಿದ್ದರೆ ಐಆರ್‌ಸಿಟಿಸಿಯಲ್ಲಿ ಬುಕಿಂಗ್ ತೆರೆದ ದಿನವೇ ಕೂರಬೇಕು, ಟಿಕೆಟ್ ಬಿಸಿ ದೋಸೆ ಹಾಗೆ ಖಾಲಿ.

ಮೈಸೂರು ಕಡೆಯಿಂದ ಹೋಗುವವರಿಗೆ ಸುಲಭದ ದಾರಿ ಇದೆ. ಊಟಿಯಿಂದ ಕೂನೂರಿಗೆ ದಿನಕ್ಕೆ ಹಲವು ರೈಲು, ಒಂದು ಗಂಟೆಯ ಪ್ರಯಾಣ. ಲವ್‌ಡೇಲ್, ಕೇತಿ, ಅರವಂಕಾಡು, ವೆಲ್ಲಿಂಗ್ಟನ್ ದಾಟಿ ಇಳಿಯುತ್ತದೆ. ಬೆಳಗಿನ ಮೊದಲ ಸರ್ಕಾರಿ ಬಸ್ಸಿನಲ್ಲಿ ಕೂನೂರಿಗೆ ಹೋಗಿ ರೈಲಿನಲ್ಲಿ ವಾಪಸ್ ಬಂದರೂ ಆಯಿತು. ಈ ತುಂಡಿಗೆ ಡೀಸೆಲ್ ಎಂಜಿನ್. ಉಗಿ ಎಂಜಿನ್ ನೋಡಬೇಕಾದರೆ 10 ಗಂಟೆ ಹೊತ್ತಿಗೆ ಕೂನೂರು ಸ್ಟೇಷನ್ನಿನಲ್ಲಿರಿ. ಕೆಳಗಿನಿಂದ ರೈಲನ್ನು ಹಿಂದಿನಿಂದ ದೂಡಿಕೊಂಡು ಏದುಸಿರು ಬಿಡುತ್ತಾ ಬರುತ್ತದೆ. ಹೌದು, ದೂಡಿಕೊಂಡು. ಬೋಗಿ ಕಳಚಿದರೂ ಜಾರಿ ಹೋಗಬಾರದು ಎಂದು ಎಂಜಿನ್ ಯಾವಾಗಲೂ ಇಳಿಜಾರಿನ ಕಡೆಗೇ ಇರುತ್ತದೆ. ಸ್ಟೇಷನ್ನಿನಿಂದ ಕೆಳಗಿನ ಹಳಿಯನ್ನು ಗಮನಿಸಿ. ಎರಡು ಹಳಿಗಳ ನಡುವೆ ಗರಗಸದಂಥ ಎರಡು ಹಲ್ಲಿನ ಪಟ್ಟಿ. ಒಂದರ ಹಲ್ಲು ಇರುವ ಕಡೆ ಇನ್ನೊಂದರ ಸಂದಿ. ಎಂಜಿನ್ ಹೊಟ್ಟೆಯ ಹಲ್ಲುಚಕ್ರ ಒಂದಲ್ಲ ಒಂದನ್ನು ಕಚ್ಚಿಕೊಂಡೇ ಇರುತ್ತದೆ. 12 ಅಡಿಗೆ 1 ಅಡಿ ಏರುವ ದಾರಿ, ಬರೀ ಚಕ್ರ ಹಿಡಿಯುವುದಿಲ್ಲ.

ಕೂನೂರು ಊಟಿಗಿಂತ ಸ್ವಲ್ಪ ಬೆಚ್ಚಗೆ. 1874ರ ಸಿಮ್ಸ್ ಪಾರ್ಕ್ ಇಳಿಜಾರಿನಲ್ಲಿದೆ, ವಯಸ್ಸಾದವರಿದ್ದರೆ ಮೇಲಿನ ಭಾಗದಲ್ಲೇ ಕೂರಿ. ಚಹಾ ಫ್ಯಾಕ್ಟರಿ ನೋಡಿದರೆ ಎಲೆ ಬಾಡಿಸುವ ಉದ್ದನೆಯ ತೊಟ್ಟಿಯ ಹತ್ತಿರ ಎರಡು ನಿಮಿಷ ನಿಲ್ಲಿ. ಹಸಿ ಎಲೆಗೆ ಸೇಬಿನಂಥ ಪರಿಮಳ ಬರುವುದು ಅಲ್ಲೇ. ಸಂಜೆ ಚಹಾ ತೋಟದ ಒಳದಾರಿಯಲ್ಲಿ ಒಬ್ಬರೇ ಅಡ್ಡಾಡಬೇಡಿ. ಕಾಟಿ, ಅಂದರೆ ಕಾಡುಕೋಣ, ಓಡಾಡುತ್ತವೆ. ಹಸು ಇರಬೇಕು ಎಂದು ಹತ್ತಿರ ಹೋದವರಿದ್ದಾರೆ.

ಬೆಳಗಿನ ದೊಡ್ಡಬೆಟ್ಟ, ಮತ್ತು ಬಡಗರ ಊರುಗಳು

2,637 ಮೀಟರ್ ಎತ್ತರದ ಶಿಖರಕ್ಕೆ ದೊಡ್ಡಬೆಟ್ಟ ಅನ್ನುವ ಹೆಸರು ಯಾರು ಇಟ್ಟಿದ್ದು? ಕನ್ನಡ ಗೊತ್ತಿದ್ದವರೇ ತಾನೇ. ಈ ಬೆಟ್ಟದ ಊರುಗಳಲ್ಲಿರುವ ಬಡಗ ಜನರ ಮಾತು ಕನ್ನಡಕ್ಕೆ ತೀರಾ ಹತ್ತಿರ. ಬಡಗ ಅಂದರೆ ಉತ್ತರ. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ತಾವು ಎಂದೇ ಅವರು ಹೇಳಿಕೊಳ್ಳುತ್ತಾರೆ. ಊರಿಗೆ ಹಟ್ಟಿ ಅನ್ನುತ್ತಾರೆ, ಹಬ್ಬಕ್ಕೆ ಹಬ್ಬವೇ. ಕೋಟಗಿರಿ ರಸ್ತೆಯ ಒಂದು ಟೀ ಅಂಗಡಿಯಲ್ಲಿ ತಮಿಳಿನಲ್ಲಿ ಒದ್ದಾಡುತ್ತಿದ್ದ ನನಗೆ ಅಜ್ಜಿಯೊಬ್ಬರು ಬಡಗದಲ್ಲೇ ಏನೋ ಕೇಳಿದರು. ಮುಕ್ಕಾಲು ಪಾಲು ಅರ್ಥವಾಯಿತು. ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. ಅವರಿಗೂ ಆಯಿತು. ನೀವೂ ಪ್ರಯತ್ನಿಸಿ.

ಇನ್ನೊಂದು ದಿನ ಉಳಿಯುವುದಾದರೆ ದೊಡ್ಡಬೆಟ್ಟಕ್ಕೆ ಬೆಳಿಗ್ಗೆ ಮೊದಲ ಗಾಡಿಗಳ ಜೊತೆಗೇ ಹತ್ತಿ. ಹನ್ನೊಂದರ ಮೇಲೆ ಮಂಜು ಕವಿದರೆ ನಿಮ್ಮ ಕೈಯೇ ಕಾಣುವುದಿಲ್ಲ. ಅಲ್ಲಿಂದ ಹಾಗೇ ಕೋಟಗಿರಿ ಕಡೆ ಮುಂದುವರಿದರೆ ಅರ್ಧ ದಿನ ಸೊಗಸಾಗಿ ಕಳೆಯುತ್ತದೆ. ಕೋಟಗಿರಿ ಹತ್ತಿರದ ಕನ್ನೇರಿಮುಕ್ಕುವಿನಲ್ಲಿ ಸಲಿವನ್ ಮೊದಲು ಇದ್ದ ಮನೆಯನ್ನು ಸ್ಮಾರಕ ಮಾಡಿದ್ದಾರೆ.

ತಿನ್ನುವುದು, ಕೊಳ್ಳುವುದು

ವರ್ಕಿ ತಿನ್ನದೆ ಬರಬೇಡಿ. ಸೌದೆ ಒಲೆಯ ಬೇಕರಿಯಲ್ಲಿ ಮಾಡಿದ್ದು ಪದರ ಪದರವಾಗಿ ಒಡೆಯುತ್ತದೆ. ಬಿಸಿ ಟೀಗೆ ಅದ್ದಿ, ಎರಡು ಎಣಿಸುವಷ್ಟರಲ್ಲಿ ತೆಗೆದುಬಿಡಿ. ಮೂರಾದರೆ ಲೋಟದೊಳಗೆ ಕುಸಿದಿರುತ್ತದೆ. ಚಾಕೊಲೇಟ್ ಕೊಳ್ಳುವಾಗ ಕೋಕೋ ಬೆಣ್ಣೆಯದ್ದಾ ಅಥವಾ ವನಸ್ಪತಿ ಹಾಕಿದ್ದಾ ಎಂದು ಕೇಳಿ. ನಾಲಿಗೆ ಮೇಲೆ ಮೇಣದ ಹಾಗೆ ಉಳಿದರೆ ಬಿಡಿ. ಚಹಾಪುಡಿಯನ್ನು ಸಣ್ಣ ಬೆಳೆಗಾರರ ಸಹಕಾರಿ ಒಕ್ಕೂಟವಾದ ಇಂಡ್‌ಕೋಸರ್ವ್ ಮಳಿಗೆಯಲ್ಲಿ ಕೊಂಡರೆ ಮೋಸ ಇಲ್ಲ. ನೀಲಗಿರಿ ಎಣ್ಣೆಯ ಮರಕ್ಕೆ ನಾವು ಬೆಟ್ಟದ ಹೆಸರೇ ಕೊಟ್ಟಿದ್ದೇವೆ, ಆದರೆ ಮರ ಆಸ್ಟ್ರೇಲಿಯಾದ್ದು. 19ನೇ ಶತಮಾನದಲ್ಲಿ ಸೌದೆಗೆಂದು ತಂದು ನೆಟ್ಟದ್ದು.

ಇಳಿಯುವ ದಿನ

ಹತ್ತು ಗಂಟೆಗೆ ರೂಮ್ ಬಿಡಿ, ಗೂಡಲೂರು ದಾರಿ ಹಿಡಿಯಿರಿ. ಪೈಕಾರಾದಲ್ಲಿ ಒಂದು ಗಂಟೆ, ನಡುವಟ್ಟಂನಲ್ಲಿ ಒಂದು ಟೀ. ಬ್ರಿಟಿಷರು ಮಲೇರಿಯಾ ಔಷಧಿಗೆಂದು ಸಿಂಕೋನಾ ಮರ ಬೆಳೆಸಿದ ಜಾಗ ಅದು. ಗೂಡಲೂರಿನಲ್ಲಿ ಊಟ. ಹೀಗೆ ಬಂದರೆ ಸಂಜೆ ನಾಲ್ಕರ ಒಳಗೆ ಕಾಡು ದಾಟುತ್ತೀರಿ. ಒಂಬತ್ತರ ಗೇಟು ಇದೆಯಲ್ಲ ಎಂದು ತಡ ಮಾಡಬೇಡಿ. ಕತ್ತಲಾದ ಮೇಲೆ ಆನೆಗಳು ರಸ್ತೆಗೆ ಬರುತ್ತವೆ, ಘಾಟಿಯಲ್ಲಿ ಎದುರು ಗಾಡಿಯ ಲೈಟಿಗೆ ತಿರುವೇ ಕಾಣುವುದಿಲ್ಲ.

ದಾರಿಯಲ್ಲಿ ಎಲೆ ಸಮೇತ ಕ್ಯಾರೆಟ್ ಕಟ್ಟು ಮಾರುತ್ತಾರೆ. ಕೊಳ್ಳಿ, ಆದರೆ ಗಾಡಿಗೆ ಹಾಕುವ ಮುಂಚೆ ಸೊಪ್ಪನ್ನು ಮುರಿದುಬಿಡಿ. ಸೊಪ್ಪು ಗಡ್ಡೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಮೈಸೂರು ಮುಟ್ಟುವಷ್ಟರಲ್ಲಿ ಕ್ಯಾರೆಟ್ ಬಾಡಿ ಬಳುಕುತ್ತಿರುತ್ತದೆ.